ದೊಡ್ಡಮ್ಮನಿಗೆ ಹೇಳಲು ಹೋದ ದಾರಿ

ಅಣ್ಣ ಹೋದ ಮೇಲೆ ಸುಮಾರು ಎರಡು ವರ್ಷ ಭಾನುವಾರಗಳಂದು ನನಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಅವನ ಬೈಕು ತೆಗೆದುಕೊಂಡು ಕಟಪಾಡಿ ಪೇಟೆ ದಾಟಿದ ಕೂಡಲೇ ಡಾಮರು ಬಿಟ್ಟು ಮಣ್ಣಿನ ದಾರಿಗೆ ಇಳಿಯುತ್ತಿದ್ದೆ. ಮುರಕಲ್ಲಿನ ಕೋರೆಯ ಬದಿ, ಗೇರುಗುಡ್ಡೆ, ಹಳ್ಳದ ಮೇಲೆ ಒಂದು ಗಾಡಿ ಮಾತ್ರ ಹಿಡಿಸುವ ಸಂಕ. ಒಂದು ದಾರಿ ಮುಗಿಯುವ ಮೊದಲೇ ಇನ್ನೊಂದು ಬೇಕೆನಿಸುತ್ತಿತ್ತು. “ಎಲ್ಲಿಗೆ?” ಎಂದು ಅಮ್ಮ ಕೇಳಿದರೆ ಹೇಳಲು ಊರಿನ ಹೆಸರು ಇರುತ್ತಿರಲಿಲ್ಲ.

ಮೊದಲ ಸಲ ಹೋದಾಗ ಮಾತ್ರ ಇತ್ತು.

ಎಂಬತ್ತರ ದಶಕದ ಆರಂಭ. ಮೂರೇ ದಿನದ ಜ್ವರದಲ್ಲಿ ಅಣ್ಣ ಮಣಿಪಾಲದಲ್ಲಿ ಬೆಳಿಗ್ಗೆ ತೀರಿಕೊಂಡ. ಹತ್ತು ವರ್ಷದವರೆಗೆ ಅವನನ್ನು ಸಾಕಿದ್ದು ಅಮ್ಮನ ಅಕ್ಕ, ಕಾರ್ಕಳದ ಒಳಗಿನ ಹಳ್ಳಿಯಲ್ಲಿದ್ದ ನಮ್ಮ ದೊಡ್ಡಮ್ಮ. ಜ್ವರ ಇಳಿದ ಮೇಲೆ ಹೇಳಿದರಾಯಿತು ಎಂದು ಅವಳಿಗೆ ತಿಳಿಸಿರಲೇ ಇಲ್ಲ. “ಅಕ್ಕ ಬಾರದೆ ಅವನನ್ನು ಎತ್ತುವುದು ಬೇಡ,” ಎಂದಳು ಅಮ್ಮ. “ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗಬಾರದು. ನೀನೇ ಹೋಗು.”

ಶಿರ್ವ ದಾಟಿ ಅಣ್ಣ ಹೋಗುತ್ತಿದ್ದ ಒಳದಾರಿ ಹಿಡಿದೆ. ಅವನ ಬೆನ್ನ ಹಿಂದೆ ಕುಳಿತು ನೋಡಿದ ದಾರಿ; ಮುಂದೆ ಕುಳಿತಾಗ ಬೇರೆಯೇ ಕಂಡಿತು. ಕವಲಿನಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸನ್ನು ಕೇಳಿದೆ. “ಮೂಡಕ್ಕೆ ಹೋಗಿ, ತೆಂಕಕ್ಕೆ ತಿರುಗಬೇಡಿ,” ಎಂದಳು. ನಮ್ಮಲ್ಲಿ ದಾರಿ ಹೇಳುವವರಿಗೆ ಎಡ ಬಲ ಇಲ್ಲ, ದಿಕ್ಕು ಮಾತ್ರ. ಸೂರ್ಯ ನೆತ್ತಿಯ ಮೇಲಿದ್ದ. ಎರಡು ಸಲ ದಾರಿ ತಪ್ಪಿದೆ. ಬೇಗ ಮುಟ್ಟಬೇಕು ಎಂದು ಆಕ್ಸಿಲರೇಟರ್ ತಿರುಗಿಸುತ್ತಿದ್ದೆ. ಮರುಗಳಿಗೆ ಕೈ ತಾನಾಗಿ ಸಡಿಲವಾಗುತ್ತಿತ್ತು.

ದೊಡ್ಡಮ್ಮನ ಊರಿನ ತುದಿಯಲ್ಲಿ ಒಬ್ಬರು ಬ್ಯಾರಿಗಳ ಗೂಡಂಗಡಿ. ಬೈಕು ನಿಲ್ಲುವ ಮೊದಲೇ, ತಲೆ ಎತ್ತದೆ, ಅವರು ಒಳಗಿನಿಂದ ಕೂಗಿದರು: “ಓ, ಬಂದಿರಾ? ಹೋದ ವಾರ ಎಂತ ಮಾರಾಯ್ರೇ, ಪತ್ತೆಯೇ ಇಲ್ಲ?”

ಆಮೇಲೆ ನನ್ನನ್ನು ನೋಡಿ ನಕ್ಕರು. “ತಮ್ಮನಾ! ಶಬ್ದ ಕೇಳಿ ಅಣ್ಣ ಅಂತ ಮಾಡಿದೆ. ಈ ಗಾಡಿಯ ಕೆಮ್ಮು ಯಾರಿಗೆ ಗೊತ್ತಿಲ್ಲ? ನಿಮ್ಮ ದೊಡ್ಡಮ್ಮ ಕೇಳಿದ ಕೂಡಲೇ ಒಲೆಗೆ ಎಸರು ಇಡ್ತಾರೆ.”

ಇನ್ನು ಅರ್ಧ ಮೈಲಿ. ಆ ಶಬ್ದ ಮಾಡುತ್ತಾ ಅವಳ ಅಂಗಳಕ್ಕೆ ಹೋಗುವುದು ಹೇಗೆ?

“ಗಾಡಿ ಇಲ್ಲಿರಲಿ,” ಎಂದೆ.

“ಎಂತ, ಪೆಟ್ರೋಲ್ ಖಾಲಿಯಾ?”

“ಹೌದು.”

ಅವರಿಗೂ ಹೇಳಲಿಲ್ಲ. ದೊಡ್ಡಮ್ಮನಿಗಿಂತ ಮೊದಲು ಯಾರಿಗೂ ಹೇಳುವುದು ಸರಿಯಲ್ಲ ಎನಿಸಿತು. ಗದ್ದೆಗಳ ನಡುವಿನ ಹುಣಿಯ ಮೇಲೆ ಓಡಿದೆ, ನಿಂತೆ, ಮತ್ತೆ ಓಡಿದೆ.

ದೊಡ್ಡಮ್ಮ ಅಂಗಳದಲ್ಲಿ ಹುರುಳಿ ಒಣಗಿಸುತ್ತಿದ್ದಳು. “ನಡೆದು ಬಂದದ್ದಾ? ನಿನ್ನ ಅಣ್ಣ, ಆ ಪಿಟ್ಟಾಸಿ, ನಿನಗೆ ಗಾಡಿ ಕೊಡಲಿಲ್ಲ, ಅಲ್ವಾ? ಬರಲಿ, ಕಿವಿ ಹಿಂಡ್ತೇನೆ.” ಹೇಳುತ್ತಲೇ ಒಳಗೆ ಹೋಗಿ ಚೆಂಬಿನಲ್ಲಿ ನೀರು, ಒಂದು ತುಂಡು ಬೆಲ್ಲ ತಂದಳು. “ಜಗಲಿಗೆ ಬಾ, ಬಿಸಿಲಲ್ಲಿ ಎಂತಕ್ಕೆ ನಿಂತದ್ದು?”

ಸಾವಿನ ಸುದ್ದಿ ತಂದವನು ಜಗಲಿ ಹತ್ತಬಾರದು, ಆ ಮನೆಯ ನೀರು ಮುಟ್ಟಬಾರದು. ನಮ್ಮ ಕಡೆ ಅದು ಮಕ್ಕಳಿಗೂ ಗೊತ್ತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಅವಳು ಚಾಚಿದ ಚೆಂಬು ಅಲ್ಲೇ ನಿಂತಿತು. ನನ್ನ ಕಾಲು ನೋಡಿದಳು, ಮುಖ ನೋಡಿದಳು. ಚೆಂಬನ್ನು ಮೆಟ್ಟಿಲ ಮೇಲಿಟ್ಟಳು.

“ಅಮ್ಮನಾ?”

ಅಲ್ಲವೆಂದು ತಲೆಯಾಡಿಸಿದೆ. ಅಪ್ಪ ಎಂದೋ ಹೋಗಿದ್ದ. ನಮ್ಮ ಮನೆಯಲ್ಲಿ ಇದ್ದದ್ದು ಮೂವರು.

ಅವಳು ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದು, ನನಗಿಂತ ಮುಂದೆ ಹುಣಿಗೆ ಇಳಿದಳು. ಬಾಗಿಲು ಹಾರುಹೊಡೆದೇ ಇತ್ತು. ಅದನ್ನೂ ನಾನು ಹೇಳಲಿಲ್ಲ.