ಕಮಲಾಪುರದ ದಿಂಡು ಕಾಲೇಜಿಗೆ ಬಂತು

"ಈ ಕಸಾ ಒಳಗ ಬಿಟ್ಟವರು ಯಾರ್ರೀ?"

ಪ್ರಿನ್ಸಿಪಾಲರು ಕೂಗಿದ ರಭಸಕ್ಕೆ ಸ್ವಾಗತಕ್ಕೆಂದು ನಿಂತಿದ್ದ ಹುಡುಗಿಯರ ಕೈಯ ಆರತಿ ತಟ್ಟೆಗಳು ಅಲುಗಾಡಿದವು. ಅವರ ತಲೆಯ ಮೇಲೆ ದೊಡ್ಡ ಬ್ಯಾನರು. ಅದರಲ್ಲಿ ಬರೆದದ್ದು: 'ಕಸದಿಂದ ರಸ – ವಿಚಾರ ಸಂಕಿರಣ'. (ದೇವರಾಣೆ, ನಾನು ಸೇರಿಸಿದ್ದಲ್ಲ.)

ಕಳೆದ ಶನಿವಾರ ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದದ್ದಿದು. ಹೆಸರು ಬೇಡ. ಪೋರ್ಟಿಕೋ ಎದುರಿಗೆ ಟ್ರ್ಯಾಕ್ಟರ್ ನಿಂತಿತ್ತು, ಟ್ರೇಲರ್ ತುಂಬ ಬಾಳೆಯ ದಿಂಡು. ಅದರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತವಳು ಕಮಲಾಪುರದ ಶರಣಮ್ಮ. ಬಾಳೆತೋಟದ ಒಡತಿ. ಗಟ್ಟಿ ಹೆಂಗಸು.

"ಕಸಾ ಅಲ್ರೀ ಸಾಹೇಬ್ರ, ಬಾಳಿ ದಿಂಡು. ಮಷಿನ್ ನಮ್ಮೂರಿಗಿ ಕಳಸಂಗಿಲ್ಲ ಅಂದ್ರಲ್ಲ, ಅದಕ್ಕ ದಿಂಡೇ ಹೇರ್ಕೊಂಡು ಬಂದೀವಿ. ಇಲ್ಲೇ ನಾರು ತೆಗೆದು ಕೊಡ್ರಿ."

ಹಿಂದಿನ ಕಥೆ ಹೇಳದೆ ನಿಮಗಿದು ತಿಳಿಯುವುದಿಲ್ಲ.

ಕಮಲಾಪುರದ ಕೆಂಪು ಬಾಳೆಹಣ್ಣು ನೀವು ತಿಂದಿರುತ್ತೀರಿ. ದಿಂಡಿನ ಗತಿ ಏನು ಎಂದು ಎಂದಾದರೂ ಕೇಳಿದ್ದೀರಾ? ಬಾಳೆ ಒಂದೇ ಸಲ ಗೊನೆ ಬಿಡುವ ಗಿಡ. ಗೊನೆ ಕಡಿದ ಮೇಲೆ ಆಳೆತ್ತರದ, ನೀರು ತುಂಬಿದ ದಿಂಡು ಉಳಿಯುತ್ತದೆ. ಅದನ್ನು ಕಡಿದು ಹಳ್ಳದ ದಂಡೆಗೆ ಎಸೆಯುತ್ತಾರೆ. ಕೊಳೆಯುತ್ತದೆ. ನಾತ, ಸೊಳ್ಳೆ, ಹಂದಿ.

ಜೇವರ್ಗಿ ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯ ನಸ್ರೀನ್ ಇದೇ ಕಾಲೇಜಿನಲ್ಲಿ ಮೆಕ್ಯಾನಿಕಲ್ ಲೆಕ್ಚರರ್. ಆ ನಾತ ಅವಳ ತಲೆ ಹೊಕ್ಕಿತು. ದಿಂಡಿನಿಂದ ನಾರು ತೆಗೆಯುವ ಯಂತ್ರ ಮಾಡುತ್ತೇನೆಂದು ಹೊರಟಳು. ಒಂದು ಮೋಟಾರು, ಹಲ್ಲುಗಳಿರುವ ಒಂದು ಉರುಳೆ. ದಿಂಡಿನ ಪದರು ಒಳಗೆ ಕೊಟ್ಟರೆ ತಿರುಳು ಕೆಳಗೆ ಬೀಳಬೇಕು, ನಾರು ಕೈಗೆ ಬರಬೇಕು. ಮೊದಮೊದಲು ನಾರೂ ತುಂಡು ತುಂಡಾಗಿ ಬೀಳುತ್ತಿತ್ತು. ಹಲ್ಲು ಬದಲಿಸಿದಳು, ಸಂದು ಬದಲಿಸಿದಳು. ಭಾನುವಾರ ಬಂತೆಂದರೆ ಕಮಲಾಪುರದ ಬಸ್ಸು. "ಸಂಡೇ ಒಂದಿನಾನೂ ಮನ್ಯಾಗ ಇರಂಗಿಲ್ಲ ನೋಡ್ರಿ ಈ ಹುಡುಗಿ" ಎಂದು ಅವಳ ತಾಯಿ ಕಂಪೌಂಡಿನ ಆಚೆಯಿಂದ ನನ್ನ ಬಳಿ ದೂರು ಹೇಳುವುದು ವಾಡಿಕೆಯಾಗಿಬಿಟ್ಟಿತ್ತು.

ಕೊನೆಗೂ ಶರಣಮ್ಮನ ತೋಟದಲ್ಲಿ ಯಂತ್ರ ಸರಿಯಾಗಿ ತಿರುಗಿತು. ಶರಣಮ್ಮ, ಅವಳ ನಾದಿನಿಯರು ಕೂತು ನಾರಿನಿಂದ ಹಗ್ಗ ಹೊಸೆದರು. ಕೆಳಗೆ ಬಿದ್ದ ತಿರುಳು ಸಗಣಿಯ ಜೊತೆ ಗೋಬರ್ ಗ್ಯಾಸ್ ಗುಂಡಿಗೆ ಹೋಯಿತು. ಗುಂಡಿಯಿಂದ ಬಂದ ರಾಡಿ ಮತ್ತೆ ಬಾಳೆಯ ಬುಡಕ್ಕೆ. ಆ ಗ್ಯಾಸಿನ ಒಲೆಯ ಮೇಲೆ ಕುದಿಸಿದ ಚಹಾ ನಾನೇ ಕುಡಿದು ಬಂದಿದ್ದೇನೆ.

"ಗಿಡದ್ದು ಗಿಡಕ್ಕೇ ಹೋಗ್ತದ ಕಾಕೂ. ನಡುವ ನಾವು ಅಡಗಿ ಮಾಡ್ಕೋತೀವಿ, ಹಗ್ಗ ಮಾರ್ತೀವಿ" ಎಂದು ನಸ್ರೀನ್ ನಕ್ಕಿದ್ದಳು. ಈಗ ಎಲ್ಲ ಭಾಷಣಗಳಲ್ಲಿ ಪರಿಸರ, ಹಸಿರು ತಂತ್ರಜ್ಞಾನ ಎನ್ನುತ್ತಾರಲ್ಲ, ಅದನ್ನು ಇದಕ್ಕಿಂತ ಸರಳವಾಗಿ ಯಾರಾದರೂ ಹೇಳಿದ್ದಾರೆಯೇ?

ಅಷ್ಟರಲ್ಲಿ ಕಾಲೇಜಿಗೆ ತಪಾಸಣೆಯ ಕಮಿಟಿ ಬರುವುದಿತ್ತು. "ತೋರಿಸಿ ಕಳಸ್ತೀವಿ" ಎಂದು ಯಂತ್ರವನ್ನು ತರಿಸಿಕೊಂಡರು. ಹಸಿರು ಬಣ್ಣ ಬಳಿದರು. ಮುಂಬಾಗಿಲ ಹಾಲಿನಲ್ಲಿಟ್ಟು, ಸುತ್ತ ಸರಪಳಿ ಕಟ್ಟಿ, 'ಮುಟ್ಟಬಾರದು' ಎಂದು ಬೋರ್ಡು ಹಾಕಿದರು. ಕಮಿಟಿ ಬಂತು, ಊಟ ಮಾಡಿತು, ಹೋಯಿತು. ಯಂತ್ರ ಹೋಗಲಿಲ್ಲ.

ನಸ್ರೀನ್ ಕೇಳಿದಳು. ಬೇಡಿದಳು. "ಡೆಡ್ ಸ್ಟಾಕಿನ್ಯಾಗ ಎಂಟ್ರಿ ಆಗ್ಯಾದ ಮೇಡಂ, ಗೇಟ್ ದಾಟಿಸಾಕ ಬರಂಗಿಲ್ಲ" ಎಂಬ ಉತ್ತರ ಬಂತು. (ಹೌದು, ಸರಕಾರಿ ಭಾಷೆಯಲ್ಲಿ ಬೆಂಚು, ಕಪಾಟುಗಳಿಗೆ ಡೆಡ್ ಸ್ಟಾಕ್ ಎನ್ನುತ್ತಾರೆ.) ಇತ್ತ ಕಮಲಾಪುರದಲ್ಲಿ ಹಗ್ಗದ ಕೆಲಸ ನಿಂತಿತು. ಗ್ಯಾಸಿಗೆ ತಿರುಳಿಲ್ಲ. ದಿಂಡು ಮತ್ತೆ ಹಳ್ಳಕ್ಕೆ. ತಿಂಗಳುಗಟ್ಟಲೆ ಕಾದ ಶರಣಮ್ಮ ಟ್ರ್ಯಾಕ್ಟರ್ ಹೊರಡಿಸಿದಳು.

ಗದ್ದಲ ಕೇಳಿ ನಸ್ರೀನ್ ಹೊರಗೆ ಓಡಿ ಬಂದಳು. ಎದೆಯ ಮೇಲೆ ಬ್ಯಾಡ್ಜು, ಕೈಯಲ್ಲಿ ಅಂದು ಓದಬೇಕಾದ ಪೇಪರು. ಅದನ್ನು ಕೇಳಲೆಂದೇ ನನ್ನನ್ನೂ ಕರೆದಿದ್ದಳು.

"ಸರ್, ಹತ್ತು ಮಿನಿಟ್ ಕೊಡ್ರಿ. ಗೆಸ್ಟ್ ಬರೂದ್ರಾಗ ನಡೆಸಿ ತೋರಿಸ್ತೀನಿ. ಅವರೂ ನೋಡ್ಲಿ."

"ನೀವು ಪೇಪರ್ ಓದ್ರಿ ಮೇಡಂ, ಸಾಕು."

"ಪೇಪರಿನ್ಯಾಗ ಇರೂದೂ ಇದೇ ಅದ ಸರ್."

ಉತ್ತರಕ್ಕೆ ಕಾಯದೆ ಹಾಲಿಗೆ ಹೋಗಿ ಸರಪಳಿ ಬಿಚ್ಚಿದಳು. ನಾನೂ ಹಿಂದೆಯೇ ಹೋದೆ. ಪ್ಲಗ್ ಹಾಕಲು ವೈರು ಹುಡುಕಿದಳು. ವೈರಿಲ್ಲ. ಕೆಳಗಿನ ಮುಚ್ಚಳ ತೆಗೆದಳು.

ಮೋಟಾರೇ ಇಲ್ಲ! ಖಾಲಿ ಜಾಗ, ಬೋಲ್ಟಿನ ತೂತುಗಳು.

ಅಟೆಂಡರ್ ತಲೆ ತಗ್ಗಿಸಿ ಹೇಳಿದ, "ಲಾನಿಗಿ ನೀರು ಬಿಡೋ ಪಂಪಿಗಿ ಹಚ್ಯಾರ್ರೀ ಮೇಡಂ."

ಪ್ರಿನ್ಸಿಪಾಲರಿಗೆ ನಾಚಿಕೆಯಾಯಿತೆಂದು ತಿಳಿದಿರಾ? "ಬರೇ ಇಟ್ಟು ನೋಡೋ ಸಾಮಾನಿಗಿ ಮೋಟಾರ್ ಯಾಕ ಬೇಕ್ರೀ?" ಎಂದರು!

ನಸ್ರೀನ್ ಮೋಟಾರಿದ್ದ ಜಾಗದಲ್ಲಿ ಕೈಯಿಟ್ಟು ಹಾಗೇ ಕುಕ್ಕರಗಾಲಲ್ಲಿ ಕುಳಿತಳು. ಜಗಳಕ್ಕೆಂದೇ ಬಂದಿದ್ದ ಶರಣಮ್ಮ ಒಳಗೆ ಬಂದು ನೋಡಿದವಳು ಅವಳ ಬೆನ್ನು ಸವರಿದಳು. "ಏಳ್ ತಂಗಿ. ಇವರ ಮುಂದ ಕಣ್ಣೀರು ಹಾಕಬ್ಯಾಡ."

ಟ್ರ್ಯಾಕ್ಟರನ್ನು ಕ್ಯಾಂಟೀನಿನ ಹಿಂದಕ್ಕೆ ದಬ್ಬಿಸಿದರು. ಅತಿಥಿಗಳು ಬಂದರು. ಯಂತ್ರಕ್ಕೆ ಹಾರ ಹಾಕಿದರು. "ಇಂಥ ಯಂತ್ರ ಪ್ರತಿ ಹಳ್ಳಿಗೂ ತಲುಪಬೇಕು" ಎಂದು ಕರೆ ಕೊಟ್ಟರು. ಚಪ್ಪಾಳೆಯೋ ಚಪ್ಪಾಳೆ. ನನ್ನ ಮೈಯೆಲ್ಲ ಉರಿಯುತ್ತಿತ್ತು.

ನಂತರ ನಸ್ರೀನಳ ಹೆಸರು ಕರೆದರು. ಅವಳು ಪೇಪರನ್ನು ಮಡಚಿ ಕೆಳಗಿಟ್ಟಳು.

"ಸರ್, ಈಗ ನೀವು ಹಾರ ಹಾಕಿದ್ರಲ್ಲ, ಆ ಯಂತ್ರದಾಗ ಮೋಟಾರಿಲ್ರೀ. ಅದು ಹೊರಗ ಲಾನಿಗಿ ನೀರು ಹೊಡಿಲಾಕತ್ತದ. ಯಂತ್ರ ಬೇಕಾದವರು ಕ್ಯಾಂಟೀನ್ ಹಿಂದ ಬಿಸಲಾಗ ನಿಂತಾರ. ಅವರಿಗಿ ನಾ ಏನ್ ಹೇಳ್ಲಿ?"

ಅತಿಥಿಗಳು ಪ್ರಿನ್ಸಿಪಾಲರನ್ನು ನೋಡಿದರು. ಪ್ರಿನ್ಸಿಪಾಲರು ಮೈಕಿನವನನ್ನು ನೋಡಿದರು. ಮೈಕು ಬಂದ್ ಆಯಿತು. ಚಹಾ ವಿರಾಮ.

ದಿಂಡು ಬಂದ ದಾರಿಯಲ್ಲೇ ಕಮಲಾಪುರಕ್ಕೆ ವಾಪಸಾಯಿತು. ಸೋಮವಾರ ನಸ್ರೀನಳ ಕೈಗೆ ಮೆಮೊ ಬಂತು: ಅತಿಥಿಗಳ ಎದುರು ಸಂಸ್ಥೆಗೆ ಅವಮಾನ ಮಾಡಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕಂತೆ. ನಿನ್ನೆ ಸಂಜೆ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ನಾನು ಹಾರಾಡಿದೆ. ಅವಳೇ ನನ್ನನ್ನು ಸಮಾಧಾನ ಮಾಡಬೇಕಾಯಿತು.

"ಇದ್ದದ್ದು ಇದ್ದಂಗ ಬರೀತೀನಿ ಕಾಕೂ. ಮುಂದಿನ ಸಂಡೇ ಕಮಲಾಪುರಕ್ಕ ಹೋಗಬೇಕು. ಶರಣಮ್ಮ ಹಳೇ ಮೋಟಾರು ಒಂದು ನೋಡ್ಯಾಳಂತ. ಇನ್ನೊಂದು ಕಟ್ತೀವಿ."

ಕಟ್ಟುತ್ತಾಳೆ, ನನಗೆ ಗೊತ್ತು. ಆದರೆ ನನ್ನ ಸಿಟ್ಟು ಇಳಿದಿಲ್ಲ. ನಮ್ಮ ಕಾಲೇಜುಗಳಿಗೆ ಸಂಶೋಧನೆ ಬೇಕು, ಫೋಟೋಕ್ಕೆ. ಅದು ಊರಿಗೆ ಹೋಗಿ ಯಾರದೋ ಒಲೆ ಉರಿಸಿದರೆ ಇವರಿಗೇನು ಲಾಭ? ಇರಲಿ. ಒಂದೇ ಮಾತು ಕೇಳಿ ಮುಗಿಸುತ್ತೇನೆ.

ಮೋಟಾರು ಬಿಚ್ಚಿದವರನ್ನು ಯಾರೂ ಕೇಳಲಿಲ್ಲ. ಮೋಟಾರಿಲ್ಲ ಎಂದವಳು ಯಾಕೆ ವಿವರಣೆ ಬರೆಯಬೇಕು?