ಕರಡಿಗೆ ಕಳೆದಾಗ ಬಂದ ಜಮಾದಾರರು

ಪೊಲೀಸ್ ಜಮಾದಾರರ ಬಲಗೈ ಹೆಬ್ಬೆರಳು ಸದಾ ನೀಲಿ. ಅವರ ಮಸಿ ಪೆನ್ನು ಸೋರುತ್ತಿತ್ತು. ಊಟಕ್ಕೆ ಕುಳಿತಾಗಲೂ ಆ ಬಣ್ಣ ಹೋಗುವುದಿಲ್ಲವೆಂದು ಅವರ ಹೆಂಡತಿ ಗೊಣಗುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. ಎಪ್ಪತ್ತರ ದಶಕದ ಕೊನೆ, ಸವಣೂರು ಕಡೆಯ ಒಂದು ಊರು. ಪಕ್ಕದ ಬಾಡಿಗೆ ಮನೆಗೆ ಅವರು ಬಂದಾಗ ನಾನು ಆ ಓಣಿಯ ಹೊಸ ಸೊಸೆ, ಕೈಯಲ್ಲೊಂದು ಕೂಸು.

ಪೊಲೀಸರೆಂದರೆ ಬಾಗಿಲು ಮುಚ್ಚಿಕೊಳ್ಳುವ ಓಣಿ ನಮ್ಮದು. ಇವರೋ ನಳದ ಹತ್ತಿರ ನಿಂತು, ಯಾರ ಕೋಳಿ ಹೋಯಿತು, ಯಾರ ಕೊಡ ಹೋಯಿತು ಎಂದು ಹೆಂಗಸರನ್ನೇ ಕೇಳುತ್ತಿದ್ದರು. ಯಾರೂ ದೂರು ಕೊಡದೆ ಇವರಿಗೇಕೆ ಈ ಉಸಾಬರಿ? ಯಾರ ಮನೆಯಲ್ಲಿ ಏನಿದೆ ಎಂದು ತಿಳಿಯಲಿಕ್ಕೇ ಇರಬೇಕು ಎಂದುಕೊಂಡು ನಾನು ಹಿತ್ತಾಳೆ ಕೊಡ ಒಳಗಿಟ್ಟು ಮಣ್ಣಿನದನ್ನು ಒಯ್ಯತೊಡಗಿದೆ. ಅವರು ನೋಡಿ ಸುಮ್ಮನೆ ನಕ್ಕರು.

"ಠಾಣೆ ಪುಸ್ತಕದಾಗ ಕಳವು ಇಲ್ಲಂದ್ರ ಊರಾಗ ಕಳ್ಳರಿಲ್ಲ ಅಂತಲ್ರಿ. ಬರಿಯೋರಿಲ್ಲ, ಅಷ್ಟ" ಎನ್ನುವುದು ಅವರ ಮಾತು.

ಆ ಬೇಸಿಗೆಯಲ್ಲಿ ನಮ್ಮತ್ತೆ ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿ ಕರಡಿಗೆ ಕಾಣೆಯಾಯಿತು. ಉಜ್ಜಲೆಂದು ನನ್ನ ಕೈಗೆ ಕೊಟ್ಟಿದ್ದರು. ಲಿಂಗ ವಸ್ತ್ರದಲ್ಲಿ ಅವರ ಕೊರಳಲ್ಲೇ ಇತ್ತು, ಅದೊಂದು ಶಿವನ ದಯೆ. ಅಂದು ನಮ್ಮ ಅಂಗಳದಲ್ಲಿ ಕಲಾಯಿಯವನು ತಿದಿ ಹೂಡಿ ಪಾತ್ರೆಗಳಿಗೆ ಕಲಾಯಿ ಹಾಕಿ ಹೋಗಿದ್ದ. ಅತ್ತೆಗೆ ಅಷ್ಟೇ ಸಾಕಾಯಿತು. ನನಗೂ.

ಜಮಾದಾರರು ಕಟ್ಟೆಯ ಮೇಲೆ ಕುಳಿತು ಬರೆದುಕೊಂಡರು. ಅತ್ತೆ ಕಲಾಯಿಯವನ ಹೆಸರು ಹೇಳುತ್ತಲೇ ಪೆನ್ನು ನಿಂತಿತು.

"ಅವ್ವಾರ, ಕರಡಿಗಿ ಹೋಗೈತಿ ಅಂತ ಬರೀತೇನಿ. ಅಂವ ಒಯ್ಯೂದು ನೋಡೀರೇನು?"

"ನೋಡೂದೇನೈತ್ರಿ? ಹೊರಗಿನಂವ ಅಂವೊಬ್ಬನ ಬಂದಿದ್ದ."

"ಅವತ್ತ ನಾನೂ ಕಡ್ಡಿಪೆಟ್ಟಿಗಿ ಕೇಳಾಕ ಬಂದಿದ್ನಲ್ರಿ. ನನ್ನ ಹೆಸರೂ ಬರೀಲೇನು?"

ಅತ್ತೆ ಮುಖ ತಿರುಗಿಸಿದರು. ಜಮಾದಾರರು ನನ್ನತ್ತ ನೋಡಿ, ಬೆಳ್ಳಿಯನ್ನು ಯಾವುದರಿಂದ ಉಜ್ಜುತ್ತೀ ಎಂದು ಕೇಳಿದರು. ಒಲೆಯ ಬೂದಿಯಿಂದ ಎಂದೆ.

"ಉಜ್ಜಿದ ಮ್ಯಾಲೆ ಬೂದಿ ಎಲ್ಲಿ ಚೆಲ್ಲಿದಿ, ತಂಗಿ?"

ನನ್ನನ್ನೇ ಕಳ್ಳಿ ಮಾಡುತ್ತಿದ್ದಾರೆಂದು ಮೈ ಉರಿಯಿತು. ಉತ್ತರ ಕೊಡದೆ ಒಳಗೆ ಹೋದೆ. ಮರುದಿನ ಅವರು ಕಲಾಯಿಯವನ ಜೊತೆ ಚಹಾ ಕುಡಿಯುವುದನ್ನು ಕಂಡೆ. ರೊಕ್ಕ ತಿಂದಿದ್ದಾರೆ, ಅದಕ್ಕೇ ಹೆಸರು ಬರೆಯಲಿಲ್ಲ ಎಂದು ನಳದ ಹತ್ತಿರ ನಾನೇ ಆಡಿದೆ. ಓಣಿಯವರು ಕಲಾಯಿಯವನಿಗೆ ಒಂದು ಚಮಚೆಯನ್ನೂ ಕೊಡದಾದರು. ಅವನು ಬೀದಿಯಲ್ಲಿ ಕೂಗುತ್ತಾ ಬಂದರೆ ಹೆಂಗಸರು ಅಂಗಳದ ಪಾತ್ರೆ ಒಳಗೆಳೆದುಕೊಳ್ಳುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ತಿಪ್ಪೆಯ ಗೊಬ್ಬರವನ್ನು ಚಕ್ಕಡಿಗೆ ಹೇರುವಾಗ ಕರಡಿಗೆ ಸಿಕ್ಕಿತು, ಉಜ್ಜುವ ಅರಿವೆಯ ಚೂರಿನಲ್ಲಿ ಸುತ್ತಿಕೊಂಡು, ಕಪ್ಪಗೆ. ಆಗ ನೆನಪಾಯಿತು. ಉಜ್ಜುವಾಗ ಕೂಸು ಅತ್ತಿತ್ತು. ಕರಡಿಗೆಯನ್ನು ಬೂದಿಯ ಬುಟ್ಟಿಯಲ್ಲೇ ಬಿಟ್ಟು ಎದ್ದಿದ್ದೆ. ಆಮೇಲೆ ನೋಡದೆ ಬುಟ್ಟಿಯನ್ನು ತಿಪ್ಪೆಗೆ ಸುರಿದವಳೂ ನಾನೇ.

ಸೆರಗಿನಲ್ಲಿ ಮುಚ್ಚಿಕೊಂಡು ಜಮಾದಾರರ ಮನೆಗೆ ಹೋದೆ. ಯಾರಿಗೂ ಹೇಳದೆ ಮುಗಿಸಿಕೊಡುತ್ತಾರೆಂಬ ಆಸೆ. ಅವರು ಬೈಯಲಿಲ್ಲ.

"ಸಿಕ್ಕೈತಿ ಅಂತ ಪುಸ್ತಕದಾಗ ಬರೀತೇನಿ. ಓಣ್ಯಾಗಿನ ಮಾತು ಅಳಿಸೂದು ನನ್ನ ಕೈಯಾಗಿಲ್ಲ ತಂಗಿ, ಅದು ನಿನ್ನ ಕೆಲಸ."

ಮರುದಿನ ಮನೆಯ ಪಾತ್ರೆಗಳನ್ನೆಲ್ಲ ಹೊತ್ತು ಕಲಾಯಿಯವನ ಒಲೆಯ ಮುಂದೆ ಇಳಿಸಿದೆ. ನೆರೆದ ಹೆಂಗಸರಿಗೆ ಕರಡಿಗೆ ತೋರಿಸಿ, ತಪ್ಪು ನನ್ನದು ಎಂದೆ. ಅವನು ತಲೆಯೆತ್ತದೆ ತಿದಿ ಒತ್ತುತ್ತಲೇ ಇದ್ದ. ಅತ್ತೆ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಒಂದೇ ವಾರ, ಅದೂ ದಯೆಯೇ.

ಆ ಮಳೆಗಾಲದಲ್ಲೇ ಜಮಾದಾರರಿಗೆ ಹಿರೇಕೆರೂರು ಕಡೆ ವರ್ಗವಾಯಿತು. ಈ ಮನುಷ್ಯ ಬಂದಮೇಲೆ ಕಳವು ಹೆಚ್ಚಾದವು ಎಂದು ಮೇಲಿನವರು ಅಂದರಂತೆ. ಕಳವು ಹೆಚ್ಚಾಗಿಲ್ಲ, ಬರೆಯುವುದು ಹೆಚ್ಚಾಗಿದೆ ಎಂದು ಇವರು ಹೇಳಿದರೂ ಕೇಳಲಿಲ್ಲವೆಂದು ಅವರ ಹೆಂಡತಿ ಗಂಟು ಕಟ್ಟುತ್ತಾ ಹೇಳಿದರು. ಲಂಚದ ಮಾತೂ ಮೇಲಿನವರಿಗೆ ಮುಟ್ಟಿತ್ತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕೆಲವು ವರ್ಷಗಳ ಮೇಲೆ, ಹಿರೇಕೆರೂರು ಕಡೆಯ ಹಂಸಭಾವಿ ಸಂತೆಗೆ ಹೋಗಿ ಬಂದ ಕಲಾಯಿಯವನು ನಮ್ಮ ಬಾಗಿಲಲ್ಲಿ ನಿಂತ.

"ಜಮಾದಾರ್ ಸಾಹೇಬ್ರು ತೀರಿಕೊಂಡ್ರಂತ್ರಿ ಅಕ್ಕಾರ. ಅವತ್ತ ಅವರು ನನ್ನ ಹೆಸರು ಬರಕೊಂಡಿದ್ರ, ನಾ ಈ ಊರಾಗ ಇರತಿದ್ದಿಲ್ರಿ."

ಅವನಿಗೆ ಕೂಡಲು ಚಾಪೆ ಹಾಸಿ ಚಹಾಕ್ಕೆ ಇಟ್ಟೆ. ಅವನ ಮುಂದೆ ನನ್ನ ತಪ್ಪು ಒಪ್ಪಿದ್ದೆ. ರೊಕ್ಕ ತಿಂದಿದ್ದಾರೆಂದು ನಳದ ಹತ್ತಿರ ಆಡಿದ್ದನ್ನು ಜಮಾದಾರರ ಮುಂದೆ ಒಪ್ಪಲಿಲ್ಲ. ನಾನು ಅವರ ಮೇಲೆ ಹೊರಿಸಿದ ಸುಳ್ಳು ಯಾವ ಪುಸ್ತಕದಲ್ಲೂ ಇಲ್ಲ.