ಬಾಗಿಲ ಮೇಲಿನ ಗಡಿಯಾರ

ಮೊನ್ನೆ ಕಪಾಟು ಹುಡುಕುವಾಗ ಆ ಕೈಗಡಿಯಾರ ಸಿಕ್ಕಿತು. ಯಾರೂ ಕಟ್ಟದ ಗಡಿಯಾರ, ಡಬ್ಬಿ ಇನ್ನೂ ಹೊಸದರಂತಿದೆ. ನೋಡಿದ ಕೂಡಲೇ ಮೈ ಉರಿಯಿತು. ಸಿಟ್ಟು ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆಯೇ.

ಜಗತ್ ಸರ್ಕಲ್ ಹತ್ತಿರ ಅಪ್ಪನ ಸಣ್ಣ ಹೋಟೆಲಿತ್ತು. ಕಮಲಾಪುರದಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದ ಸಪ್ಲೈಯರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಆರು ಟೇಬಲ್ಲಿನವರು ಹೇಳಿದ್ದನ್ನು ಒಮ್ಮೆಗೇ ಕೇಳಿಕೊಂಡು, ಒಂದಕ್ಷರ ಬರೆಯದೆ ಅಡುಗೆಮನೆಯಲ್ಲಿ ಒಪ್ಪಿಸುತ್ತಿದ್ದರು. ಖಾರ ಕಡಿಮೆಯ ಮಂಡಕ್ಕಿ ಸುಸಲಾ ಯಾರಿಗೆ, ಕಡಕ್ ಚಹಾ ಯಾರಿಗೆ, ಸಕ್ಕರೆ ಇಲ್ಲದ್ದು ನನಗೆ… ಅಪರೂಪಕ್ಕೆ ತಪ್ಪಿದರೆ ನಕ್ಕು ಬದಲಿಸಿ ಕೊಡುತ್ತಿದ್ದರು.

ನಾನು ಆಗಷ್ಟೇ ಬಿಬಿಎಂ ಮುಗಿಸಿದ ಮಹಾ ಜಾಣೆ. ಬಹುಮಾನ ಇಟ್ಟರೆ ಒಂದೂ ತಪ್ಪಾಗುವುದಿಲ್ಲ ಎಂದು ಅಪ್ಪನ ತಲೆ ತಿಂದೆ. ತಿಂಗಳಿಡೀ ತಪ್ಪದೆ ಕೊಟ್ಟರೆ ಗಡಿಯಾರ. ಒಂದು ತಪ್ಪಿದರೂ ಎಣಿಕೆ ಮತ್ತೆ ಮೊದಲಿನಿಂದ. ಅಡುಗೆಮನೆ ಬಾಗಿಲ ಮೇಲೆ ಮೊಳೆ ಹೊಡೆದು ಗಡಿಯಾರವನ್ನು ನಾನೇ ತೂಗುಹಾಕಿದೆ. ಕಾಕಾರ ಮಗಳು ಆ ವರ್ಷ ನರ್ಸಿಂಗ್ ಸೇರುವವಳಿದ್ದಳು. ಅವಳ ಕೈಗೆ ಅದನ್ನು ಕಟ್ಟಬೇಕೆಂದು ಅವರಿಗೆ ಬಹಳ ಆಸೆ.

ಅಂದಿನಿಂದ ಅವರ ತುಟಿ ಸದಾ ಅಲುಗುತ್ತಿತ್ತು, ಪಾಠ ಒಪ್ಪಿಸುವ ಮಕ್ಕಳ ಹಾಗೆ. ವಾರದಲ್ಲಿ ಮೂರು ಸಲ ಎಣಿಕೆ ಮೊದಲಿನಿಂದ ಆಯಿತು. ಒಂದು ಮಧ್ಯಾಹ್ನ ಮೆಲ್ಲಗೆ ಬಂದು ಹೇಳಿದರು:

"ಅವ್ವಾ, ಮೊದಲು ಗಿರಾಕಿ ಮಾರಿ ತಲ್ಯಾಗ ಇರ್ತಿತ್ತು. ಈಗ ಒಳಗ ಹೋಗಾಕ ತಿರುಗಿದ್ರ ಗಡಿಯಾರನೇ ಕಾಣ್ತದ, ಕೇಳಿದ್ದೆಲ್ಲಾ ಹಾರಿ ಹೋಗ್ತದ. ಅದನ್ನ ತೆಗೆದುಬಿಡು."

"ಸ್ವಲ್ಪ ಗಟ್ಟಿ ಮನಸ್ಸು ಮಾಡ್ರಿ ಕಾಕಾ," ಎಂದೆ ನಾನು. ಎಂಥ ಸೊಕ್ಕು! ಕೈ ಎತ್ತಿದ್ದರೆ ಸಾಕಿತ್ತು, ತೆಗೆಯಬಹುದಿತ್ತು.

ಮುಂದಿನ ಸೋಮವಾರ, ಸಾಬೂದಾಣಿ ಖಿಚಡಿ ಕೇಳಿದ ಉಪವಾಸದವರ ಮುಂದೆ ಉಳ್ಳಾಗಡ್ಡಿ ಭಜಿ ಇಟ್ಟುಬಿಟ್ಟರು. ಹೋಟೆಲ್ ತುಂಬ ರಂಪವಾಯಿತು. ಕಾಕಾಗೆ ಮರೆವು ಹತ್ತಿದೆ ಎಂದು ಅಪ್ಪ ಎಲ್ಲರೆದುರೇ ಸಾರಿ, ಟೇಬಲ್ ಒರೆಸಲು ಹಚ್ಚಿದರು. ಮರೆವಲ್ಲ, ನಾನು ಹೊಡೆದ ಮೊಳೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂರನೆಯ ದಿನ ಕಾಕಾ ಒರೆಸುವ ಬಟ್ಟೆ ಒಗೆದು, ಮಡಚಿ, ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೊರಟುಹೋದರು…

ನಿನ್ನೆ ಡಬ್ಬಿ ಹಿಡಿದು ಕಮಲಾಪುರದ ಬಸ್ ಹತ್ತಿದೆ. ಬಾಗಿಲು ತೆರೆದವರು ಕಾಕಾರ ಹೆಂಡತಿ. ನಾನು ಯಾರೆಂದು ಹೇಳಿದೆ. ಕಾಕಾ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಅಷ್ಟು ಹೇಳಿ ಒಳಗೆ ಹೋಗಿ ಚಹಾ ತಂದರು. ಅದರಲ್ಲಿ ಸಕ್ಕರೆ ಇರಲಿಲ್ಲ.

"ಮಾಲಕರ ಮಗಳಿಗಿ ಸಕ್ಕರಿ ನಡ್ಯಂಗಿಲ್ಲ ಅಂತಿದ್ರು ರೀ," ಎಂದರು.

ಮರೆವಂತೆ! ಡಬ್ಬಿಯನ್ನು ಚೀಲದಿಂದ ಹೊರತೆಗೆಯಲು ನನಗೆ ಮುಖವಿರಲಿಲ್ಲ. ಅದು ಮತ್ತೆ ಕಪಾಟಿನಲ್ಲಿದೆ.